ಕವುಚಿಟ್ಟ ತಟ್ಟೆ

ನನಗೆ ಮರೆವು ಎನ್ನುವವರು ಎದುರಿಗೆ ಬಂದು ಹೇಳಲಿ. ವಾಟ್ಸಾಪ್ ಗ್ರೂಪಿನಲ್ಲಿ ಹಲ್ಲು ಕಿಸಿಯುವ ಚಿತ್ರ ಹಾಕಿ "ಕೊಗ್ಗಜ್ಜ ಸ್ವಲ್ಪ ಸೇರಿಸಿ ಹೇಳ್ತಾರೆ" ಎಂದು ಬರೆಯುವುದಲ್ಲ. ಸ್ವರ್ಣಲತಾಳ ಅಳಿಯ ಸೊಹಾರಿನಲ್ಲಿ ಎಂಜಿನಿಯರ್ ಅಂತೆ, ಒಮಾನಿನಲ್ಲಿ ಯುದ್ಧವೇ ಆಗಿಲ್ಲ ಎಂದು ಅವನು ಇಂಟರ್‌ನೆಟ್ಟಿನಲ್ಲಿ ಓದಿದ್ದಾನಂತೆ. ಆಗಿಲ್ಲ ಮಾರಾಯ. ಆಯಿತು ಎಂದು ನಾನು ಎಲ್ಲಿ ಹೇಳಿದೆ? ಹೆದರಿಕೆ ಆಯಿತು ಎಂದೆ. ಹೆದರಿಕೆ ಹುಟ್ಟಲು ಬಾಂಬು ನಮ್ಮ ಮಾಡಿಗೇ ಬೀಳಬೇಕೆಂದಿಲ್ಲ. ನಿನ್ನ ಕಾರ್ಖಾನೆಗೆ ಪಾಯ ತೋಡುವ ಮೊದಲೇ ನಾನು ಮಸ್ಕತ್ತಿನ ಘಾಲಾದಲ್ಲಿ ಪಿಕಪ್ ಓಡಿಸುತ್ತಿದ್ದೆ. ಸಾವಿರದ ಒಂಬೈನೂರ ತೊಂಬತ್ತೊಂದು, ಜನವರಿ ತಿಂಗಳು. ಆ ಪಿಕಪ್ಪಿನ ಬಲಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಅದೂ ನೆನಪಿದೆ. ಇನ್ನೊಬ್ಬರು ಯಾರೋ ಬರೆದಿದ್ದಾರೆ, ಲಲಿತಮ್ಮನನ್ನು ಕಳ್ಳತನ ಮಾಡಿದ್ದಕ್ಕೆ ಮಸ್ಕತ್ತಿನಿಂದ ಓಡಿಸಿದರು ಎಂದು. ಅದಕ್ಕೇ ಈ ಮಾತು ತೆಗೆದೆ. ಕದ್ದದ್ದು ನಿಜ. ಏನು ಕದ್ದರು, ಯಾಕೆ ಕದ್ದರು ಎಂಬುದನ್ನು ಬಾಯಿ ಮುಚ್ಚಿಕೊಂಡು ಕೇಳಿ.

ಆ ಶುಕ್ರವಾರ ಮಧ್ಯಾಹ್ನ, ಹದಿನೇಳು ಜನ ಕೂತಿದ್ದ ಊಟದ ಮೇಜಿನ ಎದುರು, ಲಲಿತಮ್ಮ ತನ್ನ ಸೊಸೆ ನೀರಜಾಳ ಕೈಯಿಂದ ಒಂದು ಪಿಂಗಾಣಿ ತಟ್ಟೆಯನ್ನು ಕಿತ್ತುಕೊಂಡರು.

"ಇನ್ನೊಂದು ತಟ್ಟೆ ಈ ಮೇಜಿನಲ್ಲಿ ಕವುಚಿ ಬಿದ್ದರೆ ನಾನು ಊಟ ಬಿಡ್ತೇನೆ," ಎಂದರು. "ಬದುಕಿರುವ ಗಂಡಸಿಗೆ ಸತ್ತವನ ತಟ್ಟೆ ಇಡ್ಲಿಕ್ಕೆ ನಿನಗೆ ಕೈ ಹೇಗೆ ಬರ್ತದೆ?"

ನಾನು ಬಾಗಿಲ ಬಳಿ ನಿಂತಿದ್ದೆ. ಮೇಜಿನ ಸುತ್ತ ಕೂತ ಬಿಳಿ ಹೆಂಗಸರಿಗೂ ಮಕ್ಕಳಿಗೂ ಕನ್ನಡ ಬಾರದು, ಆದರೆ ಆ ದನಿಗೆ ಅರ್ಥ ಹೇಳಿಕೊಡುವವರು ಬೇಕಿರಲಿಲ್ಲ. ಕೊನೆಯ ಕುರ್ಚಿಯಲ್ಲಿ ಮೊರಾಗ್ ಎಂಬ ಸ್ಕಾಟ್‌ಲೆಂಡಿನ ಹುಡುಗಿ ಕೂತಿದ್ದಳು. ಆರು ತಿಂಗಳ ಬಸುರಿ, ತೊಡೆಯ ಮೇಲೆ ಮೂರು ವರ್ಷದ ಮಗಳು. ಪಕ್ಕದ ಕುರ್ಚಿ ಖಾಲಿ. ಅವಳು ಲಲಿತಮ್ಮನ ಮುಖ ನೋಡಲಿಲ್ಲ, ಅವರ ಕೈಯಲ್ಲಿದ್ದ ತಟ್ಟೆಯನ್ನೇ ನೋಡುತ್ತಿದ್ದಳು... ಅದು ಕೆಳಗೆ ಬಿದ್ದು ಒಡೆದರೆ ಎಲ್ಲವೂ ಮುಗಿಯಿತು ಎಂಬ ಹಾಗೆ. ನೀರಜಾ ಮೆಲ್ಲನೆ ಅತ್ತೆಯ ಕೈಯಿಂದ ತಟ್ಟೆ ತೆಗೆದುಕೊಂಡು ಆ ಖಾಲಿ ಕುರ್ಚಿಯ ಎದುರು ಕವುಚಿಟ್ಟಳು. ಲಲಿತಮ್ಮ ಸೆರಗು ಕೊಡವಿಕೊಂಡು ಅಡುಗೆಮನೆಗೆ ಹೋದರು.

ಆ ಮನೆಯ ವಿಷಯ ಹೇಳಬೇಕು. ಪ್ರೇಮನಾಥ ಉಡುಪಿ ಕಡೆಯ ಪ್ರಾಟೆಸ್ಟೆಂಟ್ ಕ್ರೈಸ್ತರವನು, ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್ ಮ್ಯಾನೇಜರ್. ಕೆಳಗೆ ಗೋದಾಮು, ಮೇಲೆ ಅವರ ಮನೆ, ಹಿಂದೆ ಡ್ರೈವರನಾದ ನನ್ನ ಕೋಣೆ. ಹೆಂಡತಿ ನೀರಜಾ, ಮಗಳು ಎಂಟು ವರ್ಷದ ವಿನೋದಾ, ಮತ್ತು ತಾಯಿ ಲಲಿತಮ್ಮ. ಒಬ್ಬನೇ ಮಗನೆಂದು ಊರಿನ ಮನೆ ಮಾರಿ ಬಂದವರು ಲಲಿತಮ್ಮ. ಸುಲ್ತಾನರ ಸೈನ್ಯಕ್ಕೆ ತರಬೇತಿ ಕೊಡಲು ಎರವಲು ಬಂದ ಇಂಗ್ಲಿಷರು ಆಗ ಹೆಂಡತಿ ಮಕ್ಕಳೊಂದಿಗೆ ಕ್ಯಾಂಪಿನಲ್ಲಿ ಇರುತ್ತಿದ್ದರು. ಗಂಡಸರು ಮರುಭೂಮಿಗೆ ಹೋದರೆ ವಾರಗಟ್ಟಲೆ ಪತ್ತೆ ಇಲ್ಲ. ಎಂಬತ್ತಾರರಲ್ಲಿ ಒಂದು ಶುಕ್ರವಾರ ಚರ್ಚಿನ ಹೊರಗೆ ಅಂಥವಳೊಬ್ಬಳು ಜ್ವರದ ಮಗುವನ್ನು ಹೆಗಲಿಗೆ ಹಾಕಿ ಬಿಸಿಲಿನಲ್ಲಿ ನಿಂತು ಅಳುತ್ತಿದ್ದಳು. ನೀರಜಾ ಅವಳನ್ನು ನನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡು ಮನೆಗೆ ತಂದಳು. ಮುಂದಿನ ವಾರ ಇಬ್ಬರು ಬಂದರು, ಆಮೇಲೆ ಲೆಕ್ಕವಿಲ್ಲ. ಬೋಧನೆ ಇಲ್ಲ, ಭಾಷಣ ಇಲ್ಲ. ನೀರುದೋಸೆ, ಕೋಳಿಸಾರು, ಮಕ್ಕಳಿಗೆ ಮಲಗಲು ಚಾಪೆ, ತಾಯಂದಿರಿಗೆ ಅಳಲು ಒಂದು ಕೋಣೆ. ಅವಳು ಅದನ್ನು ಸೇವೆ ಎನ್ನುತ್ತಿದ್ದಳು. ಯೇಸು ಬಂದು ತಂಗುತ್ತಿದ್ದ ಊರು 'ಬೇಥಾನ್ಯ', ಆ ಹೆಸರು ಬರೆಸಿ ಹಲಗೆಯನ್ನು ಹೊರಗೆ ಹಾಕಲು ಧೈರ್ಯ ಸಾಲದೆ ಒಳಗಿನ ಗೋಡೆಗೆ ತೂಗುಹಾಕಿದ್ದಳು.

ಮನೆಯ ಕ್ರಮವೂ ಅವಳದ್ದೇ. ಯಾರ ಗಂಡ ಎಲ್ಲಿ ಎಂದು ಮೇಜಿನಲ್ಲಿ ಯಾರೂ ಕೇಳಬಾರದು. ಹೋದವನ ಹೆಸರಿಗೆ ಒಂದು ತಟ್ಟೆ ಕವುಚಿಡಬೇಕು. ಅವನು ತಿರುಗಿ ಬಂದ ದಿನ ತಾನೇ ಅದನ್ನು ಮಗುಚಿ ಉಣ್ಣಬೇಕು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹಾಲಿನ ಪುಡಿಯ ಖಾಲಿ ಡಬ್ಬಿ ಇತ್ತು. ಬಾಯಿಬಿಟ್ಟು ಹೇಳಲಾರದ್ದನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕುತ್ತಿದ್ದರು. ಶುಕ್ರವಾರ ಸಂಜೆ ನೀರಜಾ ಒಬ್ಬಳೇ ಕೂತು ಒಂದೊಂದೇ ಓದಿ ಪ್ರಾರ್ಥನೆ ಮಾಡಿ, ಶನಿವಾರ ಬೆಳಿಗ್ಗೆ ಒಲೆಗೆ ಹಾಕಿ ಸುಡುತ್ತಿದ್ದಳು. ಸೈನಿಕರ ಮನೆಯ ಮಾತು, ಹೊರಗೆ ಹೋಗಬಾರದಲ್ಲ. ಲಲಿತಮ್ಮನಿಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಅವರ ಊರಿನ ಚರ್ಚಿನ ಸ್ತ್ರೀ ಸಮಾಜದಲ್ಲಿ ಕಷ್ಟದಲ್ಲಿದ್ದವರ ಚೀಟಿಯನ್ನು ಅವರದ್ದೇ ಕೈಬರಹದಲ್ಲಿ ಮೇಜಿನ ಮೇಲಿಟ್ಟು, ಇಪ್ಪತ್ತು ಹೆಂಗಸರು ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ರೂಢಿ. "ಪ್ರಾರ್ಥನೆಯನ್ನು ಒಲೆಗೆ ಹಾಕುವ ಸೊಸೆ ಸಿಕ್ಕಿದಳು ನನಗೆ," ಎಂದು ಬಂದವರಿಗೆಲ್ಲ ಹೇಳುವರು. ಬಿಳಿಯರ ಎಂಜಲು ಬಳಿಯಲು ಬಂದೆಯಾ, ನನ್ನ ಮಗನ ಕೆಲಸಕ್ಕೆ ಕಲ್ಲು ಹಾಕಲು ಬಂದೆಯಾ... ನೀರಜಾ ಕಣ್ಣೊರೆಸಿಕೊಂಡು ಮುಂದಿನ ದೋಸೆ ಹೊಯ್ಯುವಳು.

ಆ ಜನವರಿಯಲ್ಲಿ ಮಾತ್ರ ಯಾರ ಮನಸ್ಸೂ ಸರಿಯಿರಲಿಲ್ಲ. ಕುವೈತನ್ನು ಬಿಡಿಸುವ ಯುದ್ಧ ಶುರುವಾಗಿತ್ತು. ಸೀಬ್ ವಿಮಾನ ನಿಲ್ದಾಣದ ಕಡೆಯಿಂದ ಎದ್ದ ವಿಮಾನಗಳ ಸದ್ದಿಗೆ ಗೋದಾಮಿನ ತಗಡು ಗಡಗಡ ಎನ್ನುತ್ತಿತ್ತು. ವಿಷದ ಗಾಳಿ ಬರುತ್ತದೆ, ಒದ್ದೆ ಟವೆಲ್ಲನ್ನು ಬಾಗಿಲ ಸಂದಿಗೆ ತುರುಕಿ ಎಂದು ಯಾರೋ ಹೇಳಿದರು. ನಾನು ಆರು ಟವೆಲ್ ತಂದಿಟ್ಟೆ, ನಗಬೇಡಿ. ನಮ್ಮ ಊರಿನವರು ಹೆಂಡತಿ ಮಕ್ಕಳನ್ನು ಬೊಂಬಾಯಿ ವಿಮಾನ ಹತ್ತಿಸುತ್ತಿದ್ದರು. ಎದುರಿನ ಅಂಗಡಿಯ ಉಮ್ಮರ್ ಬ್ಯಾರಿಯೂ ಶನಿವಾರದ ವಿಮಾನಕ್ಕೆ ಹೊರಟಿದ್ದ. ಅವನು ಹೋಗುವುದು ಹೆದರಿಕೆಯಿಂದ ಅಲ್ಲ, ಮುಂದಿನ ಭಾನುವಾರ ಮಗಳು ಸೌದಳ ನಿಕಾಹ್. ಆಗ ಊರಿಗೆ ಹೋಗುವವನ ಕೈಯಲ್ಲಿ ಕಾಗದ ಕಳಿಸುವುದು ಎಲ್ಲರ ಅಭ್ಯಾಸ, ಅಂಚೆ ಹದಿನೈದು ದಿನ, ಉಮ್ಮರ್ ಎರಡೇ ದಿನ. ಅವನ ಚೀಲದಲ್ಲಿ ಬಟ್ಟೆಗಿಂತ ಕಾಗದವೇ ಹೆಚ್ಚು.

ಶುಕ್ರವಾರ ಊಟ ಮುಗಿದು ಅತಿಥಿಗಳು ಮಲಗಿದ್ದಾಗ ಲಲಿತಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದರು. ಕೈಯಲ್ಲಿ ಅಂಟಿಸಿದ ಕವರು, ಮೇಲೆ ಕಾರ್ಕಳದಲ್ಲಿದ್ದ ಅವರ ತಂಗಿಯ ವಿಳಾಸ. "ಇದನ್ನು ಉಮ್ಮರನ ಹತ್ತಿರ ಕೊಡು ಕೊಗ್ಗ. ನೀರಜಾಳಿಗೆ ಹೇಳಬೇಡ," ಎಂದರು. ಅತ್ತೆ ಸೊಸೆಯ ಮೇಲೆ ತಂಗಿಗೆ ಚಾಡಿ ಬರೆದಿದ್ದಾರೆ ಎಂದುಕೊಂಡೆ. ರಸ್ತೆ ದಾಟಿ ಕೊಟ್ಟು ಬಂದೆ. ನಾನು ಮಾಡಿದ್ದು ಅಷ್ಟೇ, ಆದರೆ ಆ ಅಷ್ಟು ನನ್ನ ಎದೆಯ ಮೇಲೆ ಇವತ್ತಿಗೂ ಕೂತಿದೆ.

ಭಾನುವಾರ ಬೆಳಿಗ್ಗೆ ಉಮ್ಮರನ ಭಾವ ಕುಂಞಮ್ಮದ್ ಮೆಟ್ಟಿಲು ಹತ್ತಿ ಬಂದ. ಅವನ ತುಟಿ ಒಣಗಿ ಬೆಳ್ಳಗಾಗಿತ್ತು. ಉಮ್ಮರ್ ವಿಮಾನ ಹತ್ತಿಯೇ ಇಲ್ಲ. ಯುದ್ಧದ ಸಮಯವೆಂದು ಸಾಮಾನು ಬಿಚ್ಚಿ ನೋಡಿದ್ದಾರೆ, ಕಾಗದಗಳ ಕಟ್ಟನ್ನೂ ಒಡೆದಿದ್ದಾರೆ. ಒಂದು ಕನ್ನಡ ಕಾಗದದ ಒಳಗೆ ಇಂಗ್ಲಿಷ್ ಚೀಟಿ. ಅದರಲ್ಲಿ ಸೈನ್ಯದ ತುಕಡಿಯೊಂದು ಹೋಗುವ ಊರು, ಹೊರಡುವ ದಿನ. ಯಾರು ಕೊಟ್ಟದ್ದೆಂದು ಕೇಳಿದರೆ ಉಮ್ಮರನದ್ದು ಒಂದೇ ಮಾತಂತೆ. ನಲವತ್ತು ಕಾಗದ ಉಂಟು, ಕವರು ಒಡೆದ ಮೇಲೆ ಯಾವುದು ಯಾರದ್ದೆಂದು ನನಗೆ ಹೇಗೆ ಗೊತ್ತು, ನನಗೆ ಓದಲಿಕ್ಕೆ ಬರುವುದಿಲ್ಲ.

"ಅವನಿಗೆ ಗೊತ್ತುಂಟು," ಎಂದ ಕುಂಞಮ್ಮದ್. "ಯಾರ ಕವರು ಯಾವ ಬಣ್ಣ ಅಂತ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಊರಿನವರ ಹೆಸರು ಹೇಳುದಿಲ್ಲ ಅಂತ ಕೂತಿದ್ದಾನೆ. ಬರುವ ಭಾನುವಾರ ನಿಕಾಹ್, ಬಾಪ ಇಲ್ಲದೆ ಹುಡುಗಿಯ ಕೈ ಹಿಡಿದು ಕೊಡುದು ಯಾರು? ಅಕ್ಕ, ಈ ಘಾಲಾದಲ್ಲಿ ಸೋಜರರ ಹೆಂಡತಿಯರು ಬರುವ ಮನೆ ಒಂದೇ. ನಾನು ಬೇರೆಂತ ಹೇಳುದಿಲ್ಲ."

ಅವನು ಇಳಿದು ಹೋದ. ನೀರಜಾ ಡಬ್ಬಿಯ ಹತ್ತಿರ ಹೋಗಿ ಒಳಗೆ ಇಣುಕಿದಳು. ಶುಕ್ರವಾರ ಸಂಜೆ ಅವಳು ತೆರೆದಾಗ ಮೊರಾಗಳ ಚೀಟಿ ಇರಲಿಲ್ಲ, ಈ ವಾರ ಬರೆದಿಲ್ಲವೇನೋ ಎಂದುಕೊಂಡಿದ್ದಳು. ಗಂಡ ಹೋದ ಮೇಲೆ ಮೊರಾಗ್ ಕ್ಯಾಂಪಿಗೆ ಹೋಗಲಾರದೆ ಆ ಮನೆಯ ಒಳಕೋಣೆಯಲ್ಲೇ ಇದ್ದಳು. ನೀರಜಾ ಹೋಗಿ ಕೇಳಿದಳು. ಅವಳು ಮುಖ ಮುಚ್ಚಿಕೊಂಡು, ಬರೆದಿದ್ದೆ ಎಂದಳು. ಹೆಸರು ಬರೆದಿರಲಿಲ್ಲ, 'ನನ್ನ ಗಂಡ' ಎಂದಷ್ಟೇ. ಆದರೆ ಊರು ಬರೆದಿದ್ದಳು, ದಿನ ಬರೆದಿದ್ದಳು, ಅದು ಬರೆಯಬಾರದ್ದೆಂದು ಗೊತ್ತಿದ್ದೇ ಬರೆದಿದ್ದಳು. ಆ ಊರಿನ ಹೆಸರು ನನಗೆ ಆಮೇಲೆ ಗೊತ್ತಾಯಿತು. ಈಗಲೂ ಹೇಳುವುದಿಲ್ಲ, ಕೊಟ್ಟ ಮಾತು. ಇದು ಹೊರಬಿದ್ದರೆ ಗಂಡನ ಉದ್ಯೋಗ ಹೋಯಿತು, ಅವನು ಯುದ್ಧದಿಂದ ಬರುವುದು ಅವಮಾನಕ್ಕೆ... ದಯವಿಟ್ಟು ಹೇಳಬೇಡಿ ಎಂದು ನೀರಜಾಳ ಕೈ ಹಿಡಿದುಕೊಂಡು ಮೊರಾಗ್ ಬಿಕ್ಕಿದಳಂತೆ.

ಹೀಗೆ ಆ ಮನೆಯಲ್ಲಿ ಪ್ರತಿಯೊಬ್ಬರಿಗೂ ಬಾಯಿ ಮುಚ್ಚಿಕೊಳ್ಳಲು ಒಂದು ಕಾರಣ ಇತ್ತು. ಪ್ರೇಮನಾಥ ಒಳ್ಳೆಯ ಮನುಷ್ಯ, ಆದರೆ ಕಫೀಲ್ ಎಂಬ ಶಬ್ದ ಕೇಳಿದರೆ ಬೆನ್ನುಮೂಳೆ ನೀರಾಗುವವನು. ನಮ್ಮ ವೀಸಾ ಇದ್ದದ್ದೇ ಆ ಅರಬ್ಬಿ ಯಜಮಾನನ ಕೈಯಲ್ಲಿ, ಅವನು ಒಂದು ಸಹಿ ಹಾಕಿದರೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಗಂಟುಮೂಟೆ. ಪೊಲೀಸರು ಮನೆಮನೆ ನೋಡುತ್ತಾರೆ ಎಂದು ಗಾಬರಿಯಾಗಿ ಅವನು ಗೋಡೆಯ ಹಲಗೆಯನ್ನು ಇಳಿಸಿ ಹಾಸಿಗೆಯ ಕೆಳಗೆ ತುರುಕಿದ. ಕೆಳಗೆ ಯಾವ ಗಾಡಿ ನಿಂತರೂ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದ. ನೀರಜಾ ಅವನ ಎದುರು ನಿಂತು, ಡಬ್ಬಿ ನನ್ನ ಜವಾಬ್ದಾರಿ, ಚೀಟಿ ಹೊರಗೆ ಹೋದದ್ದು ನನ್ನ ತಪ್ಪು, ನಾನೇ ಬರೆದು ಕಳಿಸಿದೆ ಎಂದು ಹೇಳಿ ಉಮ್ಮರನನ್ನು ಬಿಡಿಸುತ್ತೇನೆ ಎಂದಳು. ಅವನು ಬೇಡವೆಂದ, ಕೈಮುಗಿದ, ಕೊನೆಗೆ ಕೂಗಾಡಿದ. ಲಲಿತಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದರು.

"ಬ್ಯಾರಿ ಹೇಗಾದರೂ ಬಿಡಿಸಿಕೊಳ್ತಾನೆ," ಎಂದರು. "ಇವಳು ಹೋದರೆ ಮಗುವಿಗೆ ತಾಯಿ ಇಲ್ಲ, ನಿನಗೆ ಕೆಲಸ ಇಲ್ಲ. ನಾನು ಮೊದಲೇ ಹೇಳಿದೆ, ಸೋಜರರ ಹೆಂಡತಿಯರನ್ನು ಮನೆಗೆ ಸೇರಿಸಬೇಡ ಅಂತ. ಈಗ ಅನುಭವಿಸು."

ಕೇಳಿ, ಆಗ ನನಗೆ ಗೊತ್ತಿತ್ತು. ಆ ಕವರು ನನ್ನ ಕೈಯಿಂದ ಹೋದದ್ದು. ಮಧ್ಯಾಹ್ನ ಲಲಿತಮ್ಮ ಬಟ್ಟೆ ಒಣಹಾಕಲು ಬಂದಾಗ ನಾನು ಹತ್ತಿರ ಹೋಗಿ, ಅಮ್ಮ, ಆ ಕಾಗದ... ಎಂದೆ. ಅವರು ತಿರುಗಿಯೂ ನೋಡಲಿಲ್ಲ. "ಕೊಟ್ಟದ್ದು ನೀನು. ಬಾಯಿ ಬಿಟ್ಟರೆ ಮೊದಲು ಒಳಗೆ ಹೋಗುದು ನೀನು," ಎಂದರು. ಹಗ್ಗದ ಮೇಲೆ ಅವರು ಹಾಕಿದ ಸೀರೆ ಮೂರು ಸಲ ಜಾರಿ ಕೆಳಗೆ ಬಿತ್ತು. ಅದು ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಊರಿನಲ್ಲಿ ನನಗೂ ಹೆಂಡತಿ, ಹಾಸಿಗೆ ಹಿಡಿದ ಅಪ್ಪ. ನಾನು ಹೇಡಿಯ ಹಾಗೆ ಸುಮ್ಮನಾದೆ, ಅದನ್ನು ಚಂದ ಮಾಡಿ ಹೇಳಲಾರೆ.

ಸೋಮವಾರ ಬೆಳಿಗ್ಗೆ ಗಾಡಿಯ ಬೀಗದ ಕೈ ತರಲು ಮೇಲೆ ಹೋದೆ. ಎಲ್ಲರೂ ತಿಂಡಿಗೆ ಕೂತಿದ್ದರು. ಮೊರಾಗಳ ಪಕ್ಕದಲ್ಲಿ ಅವಳ ಗಂಡನ ತಟ್ಟೆ ಕವುಚಿತ್ತು. ನೀರಜಾ ಕಪಾಟಿನಿಂದ ಇನ್ನೊಂದು ತಟ್ಟೆ ತಂದು ಅದರ ಪಕ್ಕದಲ್ಲಿ ಕವುಚಿಟ್ಟಳು.

ವಿನೋದಾ ಶಾಲೆಯ ಯೂನಿಫಾರ್ಮಿನಲ್ಲಿ ಕೂತಿದ್ದಳು. "ಮಮ್ಮಿ, ದಟ್ ಪ್ಲೇಟ್ ಯಾರದ್ದು?" ಎಂದು ಕೇಳಿದಳು.

"ಉಮ್ಮರ್ ಮಾಮನದ್ದು," ಎಂದಳು ನೀರಜಾ. "ನಮ್ಮ ಮನೆಯಿಂದ ಹೊರಟವರು ಇನ್ನೂ ಮುಟ್ಟಲಿಲ್ಲ ಮಗಾ."

ಲಲಿತಮ್ಮನ ಕೈ ದೋಸೆಯ ಮೇಲೆಯೇ ನಿಂತುಬಿಟ್ಟಿತು. ಅವರು ಆ ಎರಡು ತಟ್ಟೆಗಳನ್ನು ನೋಡಿದರು. ಆಮೇಲೆ ಎದ್ದು ಕೈತೊಳೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪ್ರೇಮನಾಥ ತಲೆಯೆತ್ತಲಿಲ್ಲ. ನೀರಜಾ ಮಗಳ ಜಡೆ ಸರಿಮಾಡಿ, ಹಣೆಗೆ ಮುತ್ತಿಟ್ಟು, ಚಪ್ಪಲಿ ಮೆಟ್ಟಿದಳು. "ಕೊಗ್ಗಣ್ಣ, ಸ್ಟೇಷನ್ನಿಗೆ ಹೋಗುವ," ಎಂದಳು. ಗಂಡ ಬಾಗಿಲಿಗೆ ಅಡ್ಡ ನಿಂತ. ಅವಳು ಅವನ ಕೈಯನ್ನು ಮೆಲ್ಲನೆ ಸರಿಸಿ ಇಳಿದು ಬಂದಳು.

ಪಿಕಪ್ಪಿನಲ್ಲಿ ಕೂತು ಕೀಲಿ ತಿರುಗಿಸಿದೆ, ತೆಗೆದೆ, ಮತ್ತೆ ಹಾಕಿದೆ. ಈಗಲಾದರೂ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಬಲಬಾಗಿಲು ಹೊರಗಿನಿಂದ ತೆರೆಯಿತು. ಲಲಿತಮ್ಮ. ಚರ್ಚಿಗೆ ಉಡುವ ಬಿಳಿ ಸೀರೆ, ಕೈಯಲ್ಲಿ ಪಾಸ್‌ಪೋರ್ಟ್.

"ಇಳಿ," ಎಂದರು ಸೊಸೆಗೆ. "ಕನ್ನಡ ಕಾಗದ ನನ್ನ ಕೈಬರಹ. ನೀನು ಹೋಗಿ ಸುಳ್ಳು ಹೇಳಿದರೆ ಅವರು ನಿನ್ನಿಂದ ಎರಡು ಸಾಲು ಬರೆಸಿ ನೋಡಿಯಾರು. ಆಗ ನೀನೂ ಒಳಗೆ, ಬ್ಯಾರಿಯೂ ಒಳಗೆ."

ನೀರಜಾ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ನಾನು ಸ್ಟಿಯರಿಂಗ್ ನೋಡಿದೆ. "ಯಾಕೆ ಅತ್ತೆ?" ಎಂದಷ್ಟೇ ಕೇಳಿದಳು.

"ನೀನು ಸುಡ್ತಿದ್ದೆ," ಎಂದರು ಲಲಿತಮ್ಮ. "ನನಗೆ ನೋಡ್ಲಿಕ್ಕೆ ಆಗ್ಲಿಲ್ಲ." ನೀರಜಾ ಇಳಿದಳು, ಅವರು ಹತ್ತಿ ಕೂತರು.

ಠಾಣೆಯ ಆ ಕೋಣೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಜಿನ ಆಚೆ ಒಮಾನಿ ಅಧಿಕಾರಿ, ಪಕ್ಕದಲ್ಲಿ ಉರ್ದು ಬಲ್ಲ ಬಲೂಚಿ ಪೊಲೀಸ್, ಗೋಡೆಗೆ ಒರಗಿ ಮಾತೇ ಆಡದ ಒಬ್ಬ ಇಂಗ್ಲಿಷಿನವ. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಆ ಚೀಟಿ. ಲಲಿತಮ್ಮನಿಗೆ ಹಿಂದಿ ಬಾರದು, ಇಂಗ್ಲಿಷ್ ಓದಲು ಬಂದರೂ ಮಾತಾಡಲು ಬಾರದು, ಅವರ ಮಾತನ್ನು ನಾನು ಹಿಂದಿಗೆ ತಿರುಗಿಸಬೇಕು. ಮೊದಲು ನಾನೇ ಹೇಳಿದೆ, ಕವರು ತಂದುಕೊಟ್ಟದ್ದು ನಾನು ಎಂದು. ಒಂದು ದಿನ ತಡವಾಗಿ ಬಂದ ಧೈರ್ಯ ಅದು. ಅಧಿಕಾರಿ ಕೂಗಾಡಲಿಲ್ಲ, ಹೊಡೆಯಲಿಲ್ಲ. ಮೆತ್ತಗೆ ಕೇಳುತ್ತಿದ್ದ, ಅದಕ್ಕೇ ಹೆಚ್ಚು ಹೆದರಿಕೆ. ಈ ಇಂಗ್ಲಿಷ್ ಚೀಟಿ ಬರೆದದ್ದು ಯಾರು ಎಂದು ಕೇಳಿದ.

ಲಲಿತಮ್ಮ ಬೆನ್ನು ನೆಟ್ಟಗೆ ಮಾಡಿ ಕೂತರು. "ಬರೆದವಳು ದೇವರಿಗೆ ಬರೆದದ್ದು, ಅದನ್ನು ದೇವರ ಹತ್ತಿರ ಕೇಳಲಿ. ಕದ್ದವಳು ನಾನು. ನನ್ನ ಹತ್ತಿರ ಕದ್ದದ್ದರ ಬಗ್ಗೆ ಕೇಳಲಿ."

ಇದನ್ನು ಹಿಂದಿಯಲ್ಲಿ ಹೇಳುವುದೋ ಬೇಡವೋ ಎಂದು ನಾನು ತೊದಲಿದೆ. ಹೇಳು ಎಂದು ಅವರು ಗದರಿದರು. ಹೇಳಿದೆ. ಅಧಿಕಾರಿ ಪೆನ್ನು ಕೆಳಗಿಟ್ಟು, ಯಾಕೆ ಕದ್ದಿರಿ ಎಂದ. ಆಗ ಆ ಹೆಂಗಸು, ಐದು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದರೂ ನಾನು ಕೇಳದಿದ್ದ ಮಾತನ್ನು ಹೇಳಿದರು.

"ನನ್ನ ಗಂಡ ಮಿಲಿಟರಿಯಲ್ಲಿ ಇದ್ದವರು. ಅರುವತ್ತೆರಡರಲ್ಲಿ ಚೀನಾ ಯುದ್ಧಕ್ಕೆ ಹೋದರು. ಎಲ್ಲಿಗೆ ಅಂತ ಯಾರೂ ಹೇಳ್ಲಿಲ್ಲ. ಎಂಟು ತಿಂಗಳು ಅವರ ತಟ್ಟೆ ಕವುಚಿಟ್ಟು ನಾನು ಪ್ರಾರ್ಥನೆ ಮಾಡಿದೆ. ಊರು ಗೊತ್ತಿಲ್ಲ, ದಿಕ್ಕು ಗೊತ್ತಿಲ್ಲ. ವಿಳಾಸ ಇಲ್ಲದ ಪ್ರಾರ್ಥನೆ ಎಲ್ಲಿಗೆ ಹೋಗಿ ಬಿತ್ತೋ... ಅವರಿಗೆ ಮುಟ್ಟಲಿಲ್ಲ. ಈಗ ಒಬ್ಬಳು ಹುಡುಗಿ ತನ್ನ ಗಂಡ ಹೋಗುವ ಊರು ಬರೆದು ಕೊಟ್ಟಿದ್ದಾಳೆ, ದಿನ ಬರೆದು ಕೊಟ್ಟಿದ್ದಾಳೆ. ಅದನ್ನು ಸುಡುದಾ? ನನ್ನ ಊರಿನಲ್ಲಿ ಇಪ್ಪತ್ತು ಹೆಂಗಸರು ಇದ್ದಾರೆ. ಅವರು ಆ ದಿನ ಆ ಊರಿನ ಮೇಲೆ ಕೈಯಿಟ್ಟು ಕೂರಲಿ ಅಂತ ಕಳಿಸಿದೆ. ಉಮ್ಮರನಿಗೆ ಎಂತದೂ ಗೊತ್ತಿಲ್ಲ. ಅವನ ಮಗಳ ಮದುವೆ ಉಂಟು, ಅವನನ್ನು ಬಿಡಿ."

ನಾನು ಹಿಂದಿಯಲ್ಲಿ ಎಷ್ಟು ಹೇಳಿದೆನೋ, ಎಷ್ಟು ಅತ್ತೆನೋ ತಿಳಿಯದು. ಬಲೂಚಿಯವ ಅರಬ್ಬಿಗೆ ತಿರುಗಿಸಿದ. ಅಧಿಕಾರಿ ಲಲಿತಮ್ಮನಿಗೆ ಖಹ್ವಾ, ಅವರ ಕಾಫಿ, ತರಿಸಿದ. ಅವರು ಮುಟ್ಟಲಿಲ್ಲ. ಬರೆದವಳ ಹೆಸರನ್ನು ಮತ್ತೆ ನಾಲ್ಕು ಸಲ ಕೇಳಿದ, ಲಲಿತಮ್ಮ ನಾಲ್ಕು ಸಲವೂ ತಲೆ ಅಲ್ಲಾಡಿಸಿದರು. ಹೆಸರು ಹೇಳದಿದ್ದರೆ ಇಲ್ಲಿಯೇ ಇರಬೇಕಾಗುತ್ತದೆ ಎಂದಾಗ ಅವರು ಸೀರೆಯ ಸೆರಗನ್ನು ಹೆಗಲಿಗೆ ಸುತ್ತಿಕೊಂಡು ಕುರ್ಚಿಯಲ್ಲಿ ಇನ್ನಷ್ಟು ಒಳಗೆ ಸರಿದು ಕೂತರು.

ಅತ್ತ ಮನೆಯಲ್ಲಿ ನೀರಜಾ ಮೊರಾಗಳಿಗೆ ಎಲ್ಲವನ್ನೂ ಹೇಳಿದಳಂತೆ. ನಿನ್ನನ್ನು ಕಂಡರಾಗದ ಮುದುಕಿ ನಿನ್ನ ಹೆಸರನ್ನು ಬಾಯಲ್ಲಿ ಹಿಡಿದುಕೊಂಡು ಠಾಣೆಯಲ್ಲಿ ಕೂತಿದ್ದಾಳೆ ಎಂದು. ಮೊರಾಗ್ ಆ ಕವುಚಿದ ತಟ್ಟೆಯ ಎದುರಿನಿಂದ ಎದ್ದು, ಗೋದಾಮಿನ ಫೋನಿನಿಂದ ತಾನೇ ಕ್ಯಾಂಪಿನ ದೊಡ್ಡ ಅಧಿಕಾರಿಗೆ ಹೇಳಿಬಿಟ್ಟಳು. ಚೀಟಿ ನನ್ನದು, ತಪ್ಪು ನನ್ನದು, ಆ ಹೆಂಗಸನ್ನು ಬಿಡಿಸಿ. ಸಂಜೆಯ ಒಳಗೆ ನಾನೂ ಲಲಿತಮ್ಮನೂ ಮನೆಗೆ ಬಂದೆವು. ಮಂಗಳವಾರ ಮಧ್ಯಾಹ್ನ ಉಮ್ಮರನನ್ನು ಬಿಟ್ಟರು, ಗಡ್ಡ ಬೆಳೆದು ಅರ್ಧ ಆಗಿದ್ದ. ಆದರೆ ಬೆಲೆ ತೆರಬೇಕಾಗಿತ್ತು. ಮೊರಾಗಳನ್ನು ವಾರದೊಳಗೆ ಸ್ಕಾಟ್‌ಲೆಂಡಿಗೆ ಕಳಿಸುವುದೆಂದಾಯಿತು. ಕಫೀಲ್ ಬಂದು, ಮನೆಗೆ ಜನ ಸೇರಿಸುವುದು ಖಲಾಸ್ ಎಂದು ಹೇಳಿ ಹೋದ. ಪ್ರೇಮನಾಥನ ಕೆಲಸವನ್ನೂ ನನ್ನ ಕೆಲಸವನ್ನೂ ಉಳಿಸಿದ, ಅಷ್ಟು ದಯೆ. ಲಲಿತಮ್ಮನ ವೀಸಾ ರದ್ದಾಯಿತು. ಬುಧವಾರದ ವಿಮಾನಕ್ಕೆ ಹೊರಡಬೇಕು, ಮತ್ತೆ ಆ ದೇಶಕ್ಕೆ ಕಾಲಿಡುವಂತಿಲ್ಲ.

ಮಂಗಳವಾರ ಸಂಜೆ ಅತ್ತೆಯ ಪೆಟ್ಟಿಗೆ ತುಂಬಿದ್ದು ನೀರಜಾಳೇ. ಸೀರೆ ಮಡಚುವ ನಡುವೆ ಲಲಿತಮ್ಮ, ಆ ತಟ್ಟೆಯ ಕ್ರಮ ನಿನಗೆ ಹೇಳಿದ್ದು ಪ್ರೇಮನೇ ಅಲ್ಲವಾ ಎಂದು ಕೇಳಿದರು. ಹೌದು ಎಂದಳು ಸೊಸೆ. ಅವನಿಗೆ ಆಗ ಐದು ವರ್ಷ, ಮರೆತಿದ್ದಾನೆ ಎಂದುಕೊಂಡಿದ್ದೆ ಎಂದು ಮುದುಕಿ ಗೋಡೆಯ ಕಡೆ ತಿರುಗಿದರು.

ವಿಮಾನ ನಿಲ್ದಾಣಕ್ಕೆ ಲಲಿತಮ್ಮನನ್ನೂ ಉಮ್ಮರನನ್ನೂ ಒಂದೇ ಪಿಕಪ್ಪಿನಲ್ಲಿ ಕರೆದೊಯ್ದೆ. ಇಬ್ಬರಿಗೂ ಒಂದೇ ವಿಮಾನ. ಮನೆಯವರೂ ಬೀಳ್ಕೊಡಲು ಹಿಂದೆ ಹತ್ತಿ ಕೂತಿದ್ದರು. ಉಮ್ಮರನೇ ಮೊದಲು ಬಾಯಿ ತೆರೆದ. "ಲಲಿತಕ್ಕ, ನಿಮ್ಮ ಕಾಗದ ಮುಟ್ಟಿಸ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ನಿಮ್ಮನ್ನೇ ಕಾರ್ಕಳಕ್ಕೆ ಮುಟ್ಟಿಸ್ತೇನೆ. ಮೊದಲು ನಿಕಾಹಿಗೆ ಬಂದು ತುಪ್ಪದನ್ನ ಉಣ್ಣಬೇಕು." ಲಲಿತಮ್ಮ ನಕ್ಕರೋ ಅತ್ತರೋ, ಸೆರಗು ಬಾಯಿಗೆ ಹೋಯಿತು. ಮೊಮ್ಮಗಳು ಕಾಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಪ್ರೇಮನಾಥ ಪೆಟ್ಟಿಗೆಯ ಹಗ್ಗವನ್ನು ಬಿಚ್ಚುವುದು, ಮತ್ತೆ ಕಟ್ಟುವುದು, ಅದನ್ನೇ ಮಾಡುತ್ತಿದ್ದ. ಒಳಗೆ ಹೋಗುವ ಮುಂಚೆ ಲಲಿತಮ್ಮ ಸೊಸೆಯ ಎರಡೂ ಕೈ ಹಿಡಿದುಕೊಂಡರು.

"ನನ್ನ ತಟ್ಟೆ ಇಡಬೇಡ," ಎಂದರು. "ಅದು ತಿರುಗಿ ಬರುವವರಿಗೆ. ಆ ಹುಡುಗಿಯ ಗಂಡ ಬಂದರೆ ಒಂದು ಮಾತು ಕಳಿಸು."

ನೀರಜಾ ಈ ಸಲವೂ ಅತ್ತೆಯ ಮಾತನ್ನು ಮೀರಿದಳು. ಶುಕ್ರವಾರದ ಊಟಕ್ಕೆ ಮೂರೇ ಜನ, ಆದರೂ ಅವಳು ಎರಡು ತಟ್ಟೆ ಕವುಚಿಟ್ಟಳು, ಒಂದು ಮೊರಾಗಳ ಗಂಡನದ್ದು, ಒಂದು ಅತ್ತೆಯದ್ದು. ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಮೊರಾಗಳ ಗಂಡ ಬಂದ, ಬಿಸಿಲಿಗೆ ಸುಟ್ಟ ಮುಖ, ಎಡಗೈಗೆ ಬಟ್ಟೆ ಸುತ್ತಿತ್ತು. ಕ್ಯಾಂಪಿನ ಮನೆ ಖಾಲಿ, ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಯಾರೂ ಹೇಳದೆ ತಾನೇ ಕೂತು ತಟ್ಟೆಯನ್ನು ಮಗುಚಿದ. ಉಂಡ. ಊಟದ ನಡುವೆ ಪಕ್ಕದ ತಟ್ಟೆ ಯಾರದ್ದೆಂದು ಕೇಳಿದನಂತೆ, ನೀರಜಾ ಎಲ್ಲ ಹೇಳಿದಳಂತೆ. ಅವನು ಎದ್ದು ಆ ಕವುಚಿದ ತಟ್ಟೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದನಂತೆ. ಅದೇ ವಾರ ಕುಂಞಮ್ಮದ್ ಊರಿಗೆ ಹೊರಟ. ಕಾಗದ ಎಂದರೆ ಎಲ್ಲರೂ ಹೆದರುತ್ತಿದ್ದ ಕಾಲ, ಬಾಯಲ್ಲೇ ಹೇಳಿಕಳಿಸಿದೆವು. ಹೋದವನು ಬಂದ, ತಟ್ಟೆ ಮಗುಚಿದ ಎಂದು. ಕುಂಞಮ್ಮದ್ ಕಾರ್ಕಳಕ್ಕೆ ಹೋಗಿ ಹೇಳಿದಾಗ ಲಲಿತಮ್ಮ ಮೂರು ಸಲ ಹೇಳಿಸಿ ಕೇಳಿದರಂತೆ.

ಲಲಿತಮ್ಮನ ತಟ್ಟೆ ಮಾತ್ರ ಐದು ವರ್ಷ ಕವುಚಿಯೇ ಇತ್ತು. ಪ್ರೇಮನಾಥ ರಜೆಯಲ್ಲಿ ಹೋಗಿ ನೋಡಿ ಬರುತ್ತಿದ್ದ, ಅವರನ್ನು ಕರೆದು ತರುವಂತಿರಲಿಲ್ಲ. ತೊಂಬತ್ತಾರರ ಜೂನಿನಲ್ಲಿ, ಲಲಿತಮ್ಮ ತೀರಿಕೊಂಡರೆಂದು ಕಾರ್ಕಳದ ತಂಗಿಯ ಮನೆಯಿಂದ ಫೋನ್ ಬಂತು. ನಾನು ಮೇಲೆ ಹೋದಾಗ ಮೂವರೂ ಮೇಜಿನ ಎದುರು ಕೂತಿದ್ದರು, ಯಾರೂ ಆ ತಟ್ಟೆಯನ್ನು ಮುಟ್ಟುತ್ತಿರಲಿಲ್ಲ. ಹೆದರಿಕೆಯಿಂದ ಒಂದು ಮಾತೂ ಆಡದೆ ತಾಯಿಯನ್ನು ಕಳಿಸಿದ್ದ ಆ ಮಗ ಕೊನೆಗೆ ಎದ್ದ. ತಟ್ಟೆಯನ್ನು ಎತ್ತಿ, ತೊಳೆದು, ಮಗುಚಿ, ಅನ್ನ ಬಡಿಸಿಕೊಂಡು ಅದರಲ್ಲೇ ಉಂಡ. ಕಣ್ಣೀರು ಅನ್ನಕ್ಕೇ ಬೀಳುತ್ತಿತ್ತು. ಎಂಟು ತಿಂಗಳ ಮೇಲೆ ಅಪ್ಪನ ಸುದ್ದಿ ಬಂದ ದಿನ ಅಮ್ಮ ಹೀಗೆಯೇ ಅಪ್ಪನ ತಟ್ಟೆಯನ್ನು ಮಗುಚಿ, ಅದರಲ್ಲಿ ತನಗೆ ಉಣಿಸಿದ್ದಳು ಎಂದ. ಆಮೇಲೆ ಹಾಸಿಗೆಯ ಕೆಳಗಿನ ಹಲಗೆಯನ್ನು ತೆಗೆದು ಒರೆಸಿ ಗೋಡೆಗೆ ಹಾಕಿದ.

ಇಷ್ಟೇ. ಓಡಿಸಿದರು ಎಂದು ಬರೆದವರಿಗೆ ಈಗ ಗೊತ್ತಾಯಿತಲ್ಲ. ವಿನೋದಾ ಈಗ ಆಸ್ಟ್ರೇಲಿಯಾದಲ್ಲಿದ್ದಾಳೆ, ಅವಳ ನಂಬರು ನನ್ನಲ್ಲಿಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಇದನ್ನು ಅವಳಿಗೆ ಕಳಿಸಿ. ಅವಳ ಮಕ್ಕಳಿಗೆ ಕನ್ನಡ ಬಾರದಂತೆ, ಪಕ್ಕದಲ್ಲಿ ಕೂತು ಅವರ ಭಾಷೆಯಲ್ಲಿ ಹೇಳಲಿ. ಅವರ ಮುತ್ತಜ್ಜಿ ಕದ್ದದ್ದು ಒಂದು ಚೀಟಿ ಎಂದು ಹೇಳಲಿ. ಈ ರೆಕಾರ್ಡಿಂಗ್ ಅಳಿಸಿ ಹಾಕಬೇಡಿ, ಕಳಿಸಿ.